ಕುಂದುವ ಶಕ್ತಿ, ಉಳಿಯಬೇಕಾದ ಧೈರ್ಯ: ಇಳಿವಯಸ್ಸಿನ ದೌರ್ಬಲ್ಯ, ಆತ್ಮವಿಶ್ವಾಸ ಮತ್ತು ನೆಮ್ಮದಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮೈಯ ಶಕ್ತಿ ಕುಂದುತ್ತಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅವರ ಧೈರ್ಯ ಕುಂದುತ್ತಿರುವುದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಮೊದಲು ಸಂಜೆಯ ನಡಿಗೆ ನಿಲ್ಲುತ್ತದೆ, ಆಮೇಲೆ ಒಬ್ಬರೇ ಸ್ನಾನಕ್ಕೆ ಹೋಗುವುದು ನಿಲ್ಲುತ್ತದೆ, ಕೊನೆಗೆ ಏನು ಕೇಳಿದರೂ ‘ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ’ ಎಂಬ ಒಂದೇ ಉತ್ತರ ಬರತೊಡಗುತ್ತದೆ. ಆ ಉತ್ತರವನ್ನು ಹೊಂದಾಣಿಕೆಯ ಗುಣ ಎಂದು ತಿಳಿದು ಸುಮ್ಮನಾಗುವ ಮನೆಗಳೇ ಹೆಚ್ಚು. ಹಿರಿಯರೂ ಅವರನ್ನು ನೋಡಿಕೊಳ್ಳುವವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರಲ್ಲ, ಅದು ಮುಪ್ಪಿನ ಇನ್ನೊಂದು ಹೆಸರೇ?

ಅಲ್ಲ. ವಯಸ್ಸಾಗುವುದು ಎಲ್ಲರಿಗೂ ಇದ್ದದ್ದೇ. ಫ್ರೇಲ್ಟಿ, ಅಂದರೆ ಇಳಿವಯಸ್ಸಿನ ದೌರ್ಬಲ್ಯ, ಕೆಲವರಿಗೆ ಮಾತ್ರ ಬರುವ ಸ್ಥಿತಿ. ಸ್ನಾಯು, ಹೃದಯ, ಶ್ವಾಸಕೋಶ, ನರಮಂಡಲ, ರೋಗನಿರೋಧಕ ವ್ಯವಸ್ಥೆ ಹೀಗೆ ದೇಹದ ಹಲವು ಕಡೆ ಕೂಡಿಟ್ಟಿದ್ದ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಕರಗಿ, ಒಂದು ಸಣ್ಣ ಪೆಟ್ಟನ್ನು ಕೂಡ ತಾಳಿಕೊಳ್ಳಲು ಏನೂ ಉಳಿದಿಲ್ಲದ ಹಂತಕ್ಕೆ ಬರುವುದನ್ನು ಈ ಹೆಸರಿನಿಂದ ಕರೆಯುತ್ತಾರೆ. ಮೂತ್ರದ ಸೋಂಕು ತಗುಲಿದರೆ ಗಟ್ಟಿಮುಟ್ಟಾಗಿರುವ ಎಪ್ಪತ್ತೈದರ ವ್ಯಕ್ತಿ ನಾಲ್ಕು ದಿನ ಮಲಗಿ ಎದ್ದು ಓಡಾಡುತ್ತಾರೆ. ಅದೇ ವಯಸ್ಸಿನ ದುರ್ಬಲ ವ್ಯಕ್ತಿ ಅದೇ ಸೋಂಕಿನಿಂದ ನಡಿಗೆಯನ್ನೇ ಕಳೆದುಕೊಳ್ಳಬಹುದು, ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದಷ್ಟು ಗೊಂದಲಕ್ಕೆ ಬೀಳಬಹುದು.

65 ದಾಟಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, 85 ದಾಟಿದವರಲ್ಲಿ ಕಾಲುಭಾಗದಿಂದ ಅರ್ಧದಷ್ಟು ಮಂದಿಗೆ ಈ ಸ್ಥಿತಿ ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಈ ಅಂಕಿಯನ್ನು ತಿರುಗಿಸಿಯೂ ಓದಬೇಕು: 85 ದಾಟಿದ ಮೇಲೂ ಕನಿಷ್ಠ ಅರ್ಧದಷ್ಟು ಮಂದಿ ಈ ಅರ್ಥದಲ್ಲಿ ದುರ್ಬಲರಲ್ಲ. ಆದ್ದರಿಂದ ‘ವಯಸ್ಸಾಯಿತು, ಇನ್ನೇನು’ ಎಂದು ಕೈಬಿಡುವುದಕ್ಕೆ ಆಧಾರವಿಲ್ಲ.

ದೌರ್ಬಲ್ಯ ಇದೆಯೆಂದು ಗುರುತಿಸುವುದು ಹೇಗೆ?

ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಐದು ಲಕ್ಷಣಗಳನ್ನು ಪಟ್ಟಿಮಾಡಿದರು: ಪ್ರಯತ್ನಪಡದೆಯೇ ತೂಕ ಇಳಿಯುವುದು (ಒಂದು ವರ್ಷದಲ್ಲಿ ಸುಮಾರು ನಾಲ್ಕೂವರೆ ಕಿಲೋ), ಸದಾ ಸುಸ್ತು, ಕೈಹಿಡಿತದ ಬಲ ಕುಗ್ಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ದೌರ್ಬಲ್ಯ, ಒಂದೆರಡು ಇದ್ದರೆ ಅದರ ಹಿಂದಿನ ಹಂತ. ಕೆನಡಾದ ಕೆನೆತ್ ರಾಕ್‌ವುಡ್ ಅವರ ತಂಡ ಬೇರೆ ದಾರಿ ಹಿಡಿಯಿತು. ಒಬ್ಬ ವ್ಯಕ್ತಿಯಲ್ಲಿ ಒಟ್ಟು ಎಷ್ಟು ಕೊರತೆಗಳು ಸೇರಿಕೊಂಡಿವೆ ಎಂದು ಎಣಿಸುವ ಸೂಚ್ಯಂಕವನ್ನು ರೂಪಿಸಿ, 2005ರಲ್ಲಿ ವೈದ್ಯರು ಹಾಸಿಗೆಯ ಪಕ್ಕದಲ್ಲೇ ಬಳಸಬಹುದಾದ ಒಂದು ಅಳತೆಯನ್ನೂ ಕೊಟ್ಟಿತು.

ಮನೆಯವರಿಗೆ ಇಷ್ಟೆಲ್ಲ ಬೇಕಿಲ್ಲ. ಕುರ್ಚಿಯಿಂದ ಏಳುವಾಗ ಎರಡು ಮೂರು ಸಲ ಪ್ರಯತ್ನಿಸಬೇಕಾಗುತ್ತಿದೆಯೇ, ಬಾಟಲಿಯ ಮುಚ್ಚಳ ತಿರುಗಿಸಲು ಇನ್ನೊಬ್ಬರನ್ನು ಕರೆಯುತ್ತಿದ್ದಾರೆಯೇ, ಬಟ್ಟೆಗಳು ಸಡಿಲವಾಗುತ್ತಿವೆಯೇ, ಜೊತೆಯಲ್ಲಿ ನಡೆಯುವಾಗ ನೀವು ಹೆಜ್ಜೆ ನಿಧಾನ ಮಾಡಬೇಕಾಗುತ್ತಿದೆಯೇ ಎಂಬುದನ್ನು ಗಮನಿಸಿದರೆ ಸಾಕು, ವೈದ್ಯರ ಬಳಿ ಹೇಳಲು ವಿಷಯ ಸಿಗುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು: ಈ ಸ್ಥಿತಿ ಒಂದೇ ದಿಕ್ಕಿನಲ್ಲಿ ಸಾಗುವಂಥದ್ದಲ್ಲ. ಅದರಲ್ಲಿಯೂ ಹಿಂದಿನ ಹಂತದಲ್ಲಿರುವ ಅನೇಕರು ಮತ್ತೆ ಸುಧಾರಿಸುತ್ತಾರೆ.

ಮೈ ಸೋತರೆ ಮನಸ್ಸಿನ ಧೈರ್ಯವೂ ಏಕೆ ಸೋಲುತ್ತದೆ?

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಒಂದು ವಿಚಾರವನ್ನು ಮಂಡಿಸಿದರು: ‘ಈ ಕೆಲಸ ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಮನುಷ್ಯನಿಗೆ ನಾಲ್ಕು ಮೂಲಗಳಿಂದ ಬರುತ್ತದೆ. ತಾನೇ ಮಾಡಿ ಗೆದ್ದ ಅನುಭವ ಮೊದಲನೆಯದು ಮತ್ತು ಎಲ್ಲಕ್ಕಿಂತ ಬಲವಾದದ್ದು. ತನ್ನಂಥವರೇ ಮಾಡುವುದನ್ನು ನೋಡುವುದು, ನಂಬಿಕೆಯುಳ್ಳವರು ಹೇಳುವ ಮಾತು, ಆ ಹೊತ್ತಿನಲ್ಲಿ ತನ್ನ ಮೈ ಮತ್ತು ಮನಸ್ಸು ಹೇಗಿದೆ ಎಂಬ ಅರಿವು ಇವು ಉಳಿದ ಮೂರು.

ದುರ್ಬಲರಾಗಿರುವ ಹಿರಿಯರ ದಿನಚರಿಯನ್ನು ಈ ನಾಲ್ಕರ ಜೊತೆ ಇಟ್ಟು ನೋಡಿದರೆ ಧೈರ್ಯ ಎಲ್ಲಿ ಸೋರಿಹೋಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ತಾವೇ ಮಾಡುವ ಕೆಲಸಗಳು ದಿನಕ್ಕೊಂದರಂತೆ ಇತರರ ಪಾಲಾಗುತ್ತವೆ, ಆದ್ದರಿಂದ ಗೆಲ್ಲುವ ಸಂದರ್ಭವೇ ಇಲ್ಲ. ಓರಗೆಯವರು ಒಬ್ಬೊಬ್ಬರಾಗಿ ತೀರಿಕೊಂಡಿರುತ್ತಾರೆ ಅಥವಾ ಮನೆ ಬಿಟ್ಟು ಹೊರಬರುವುದಿಲ್ಲ, ಆದ್ದರಿಂದ ನೋಡಿ ಧೈರ್ಯ ತಂದುಕೊಳ್ಳಲು ಎದುರಿಗೆ ಯಾರೂ ಇಲ್ಲ. ಕಿವಿಗೆ ಬೀಳುವ ಮಾತುಗಳೆಲ್ಲ ‘ಜೋಪಾನ’, ‘ಬೇಡ’, ‘ಬೀಳ್ತೀರಿ’, ‘ಕೂತ್ಕೊಳ್ಳಿ’ ಎಂಬಂಥವು. ಎದ್ದು ನಿಂತಾಗ ತಲೆ ತಿರುಗುತ್ತದೆ, ಎದೆ ಡವಗುಟ್ಟುತ್ತದೆ, ಕಾಲು ನಡುಗುತ್ತದೆ. ಮೈಯೇ ‘ಆಗದು’ ಎಂದು ಹೇಳುತ್ತಿರುವಂತೆ ಅವರಿಗೆ ಕೇಳಿಸುತ್ತದೆ. ಧೈರ್ಯ ಹೋದವರು ಓಡಾಟ ಬಿಡುತ್ತಾರೆ, ಓಡಾಟ ಬಿಟ್ಟವರ ಸ್ನಾಯು ಇನ್ನಷ್ಟು ಕರಗುತ್ತದೆ, ಸ್ನಾಯು ಕರಗಿದಂತೆ ಉಳಿದಿದ್ದ ಧೈರ್ಯವೂ ಹೋಗುತ್ತದೆ. ಈ ಸುತ್ತನ್ನು ಯಾವ ಕಡೆಯಿಂದ ಬೇಕಾದರೂ ಬಿಡಿಸಬಹುದು, ಆದರೆ ಬರೀ ಸಮಾಧಾನದ ಮಾತಿನಿಂದ ಬಿಡಿಸಲಾಗುವುದಿಲ್ಲ. ಒಂದು ಸಣ್ಣ ಕೆಲಸವನ್ನು ತಾವೇ ಮಾಡಿ ಮುಗಿಸಿದ ಅನುಭವ ನೂರು ಮಾತಿಗೆ ಸಮ.

ಒಮ್ಮೆ ಬಿದ್ದ ಮೇಲೆ ಅಮ್ಮ ಕೋಣೆಯಿಂದ ಹೊರಗೇ ಬರುತ್ತಿಲ್ಲ. ಪೆಟ್ಟೇನೂ ಆಗಿರಲಿಲ್ಲ. ಏನು ಮಾಡಬೇಕು?

ಪೆಟ್ಟಾಗದೆ ಬಿದ್ದಾಗಲೂ ಧೈರ್ಯಕ್ಕೆ ಪೆಟ್ಟಾಗಿರುತ್ತದೆ, ಮತ್ತು ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. 65 ದಾಟಿದವರಲ್ಲಿ ಪ್ರತಿವರ್ಷ ಸುಮಾರು ಮೂವರಲ್ಲಿ ಒಬ್ಬರು ಬೀಳುತ್ತಾರೆ; ಬಿದ್ದವರಲ್ಲಿ ಅನೇಕರು ಮತ್ತೆ ಬೀಳುವ ಭಯದಿಂದಲೇ ಚಟುವಟಿಕೆಗಳನ್ನು ಬಿಟ್ಟುಬಿಡುತ್ತಾರೆ. ಬಿದ್ದ ನಂತರ ಗೋಡೆ, ಮೇಜು, ಬಾಗಿಲು, ಪಕ್ಕದವರ ತೋಳು ಹೀಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಹಿಡಿದುಕೊಂಡು, ಕೈಬಿಟ್ಟು ನಡೆಯಲು ಒಪ್ಪದಿರುವ ಈ ಸ್ಥಿತಿಯನ್ನು ವೈದ್ಯರು 1982ರಷ್ಟು ಹಿಂದೆಯೇ ‘ಬಿದ್ದ ನಂತರದ ಲಕ್ಷಣಕೂಟ’ ಎಂದು ಗುರುತಿಸಿದ್ದಾರೆ. ಆದ್ದರಿಂದ ಇದು ನಿಮ್ಮ ತಾಯಿಯವರ ಹಟವೂ ಅಲ್ಲ, ನಾಟಕವೂ ಅಲ್ಲ.

ಮೊದಲು ಬಿದ್ದದ್ದು ಏಕೆಂದು ತಿಳಿಯಬೇಕು. ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ತಲೆ ತಿರುಗಿ ಬೀಳುವ ಸಂಭವ ಹೆಚ್ಚು. ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ಒತ್ತಡ ನೋಡಿದರೆ ಇದು ಗೊತ್ತಾಗುತ್ತದೆ. ನಿದ್ರೆಯ ಮಾತ್ರೆ, ಕೆಲವು ಒತ್ತಡದ ಮಾತ್ರೆ, ಪೊರೆ ಬಂದ ಕಣ್ಣು, ಸವೆದ ಚಪ್ಪಲಿ, ರಾತ್ರಿ ದೀಪವಿಲ್ಲದ ಹಾದಿ ಇವೆಲ್ಲ ಸರಿಪಡಿಸಬಹುದಾದ ಕಾರಣಗಳು. ಕಾರಣ ತಿಳಿದಾಗಲೇ ಅರ್ಧ ಭಯ ಇಳಿಯುತ್ತದೆ, ಏಕೆಂದರೆ ‘ನಾನು ಬೀಳುವವಳು’ ಎಂಬ ಭಾವನೆ ಹೋಗಿ ‘ಅವತ್ತು ಆ ಕಾರಣಕ್ಕೆ ಬಿದ್ದೆ’ ಎಂಬ ತಿಳಿವು ಬರುತ್ತದೆ.

ಆಮೇಲೆ ಭಯವನ್ನು ಬಿಡಿಬಿಡಿಯಾಗಿ ಕೇಳಿ ತಿಳಿಯಬೇಕು. ಮೇರಿ ಟಿನೆಟಿ ಎಂಬ ವೈದ್ಯೆ 1990ರಲ್ಲಿ ರೂಪಿಸಿದ ಪ್ರಶ್ನಾವಳಿ ‘ನಿಮಗೆ ಭಯವಿದೆಯೇ’ ಎಂದು ಒಟ್ಟಾರೆ ಕೇಳುವುದಿಲ್ಲ. ಸ್ನಾನ ಮಾಡುವಾಗ, ಬಟ್ಟೆ ಹಾಕಿಕೊಳ್ಳುವಾಗ, ಕಪಾಟಿಗೆ ಕೈಚಾಚುವಾಗ, ಮೊಳಗುತ್ತಿರುವ ಫೋನು ಎತ್ತಿಕೊಳ್ಳಲು ಅವಸರದಲ್ಲಿ ಹೋಗುವಾಗ ಬೀಳದೆ ಇರುತ್ತೇನೆಂಬ ವಿಶ್ವಾಸ ಎಷ್ಟಿದೆ ಎಂದು ಹತ್ತು ಕೆಲಸಗಳ ಬಗ್ಗೆ ಬೇರೆ ಬೇರೆಯಾಗಿ ಕೇಳುತ್ತದೆ. ಮನೆಯಲ್ಲೂ ಹೀಗೆಯೇ ಕೇಳಬಹುದು. ಕೋಣೆಯಿಂದ ಅಡುಗೆಮನೆಗೆ ಬರುವುದು ಕಷ್ಟವಲ್ಲ, ಬಚ್ಚಲಿನ ಹೊಸ್ತಿಲು ದಾಟುವುದೊಂದೇ ಭಯ ಎಂದು ತಿಳಿದರೆ, ಆ ಹೊಸ್ತಿಲಿನ ಪಕ್ಕ ಗೋಡೆಗೆ ಒಂದು ಹಿಡಿಕೆ ಹಾಕಿಸುವುದರಿಂದ ಇಡೀ ಮನೆ ಅವರಿಗೆ ಮತ್ತೆ ತೆರೆದುಕೊಳ್ಳಬಹುದು.

ಕೊನೆಯದಾಗಿ, ಬಿದ್ದರೆ ಏಳುವುದನ್ನು ಕಲಿಸಬೇಕು. ಇದನ್ನು ಬಹುಪಾಲು ಮನೆಗಳಲ್ಲಿ ಯಾರೂ ಯೋಚಿಸುವುದೇ ಇಲ್ಲ. ಒಂದು ಮಗ್ಗುಲಿಗೆ ಹೊರಳುವುದು, ಮೊಣಕೈ ಊರಿ ನಿಧಾನವಾಗಿ ಅಂಬೆಗಾಲಿನ ಭಂಗಿಗೆ ಬರುವುದು, ಹತ್ತಿರದ ಗಟ್ಟಿ ಕುರ್ಚಿಯವರೆಗೆ ತೆವಳುವುದು, ಅದರ ಮೇಲೆ ಎರಡೂ ಕೈ ಊರಿ ಬಲವಾದ ಕಾಲನ್ನು ಮುಂದಿಟ್ಟು ಮೇಲೇಳುವುದು: ಫಿಸಿಯೋಥೆರಪಿ ತಜ್ಞರ ಎದುರು ಇದನ್ನು ನಾಲ್ಕು ಸಲ ಅಭ್ಯಾಸ ಮಾಡಿದವರ ನಡಿಗೆಯಲ್ಲಿ ಕಾಣುವ ನಿರಾಳವೇ ಬೇರೆ. ಬೀಳುವುದಕ್ಕಿಂತ ಬಿದ್ದು ಗಂಟೆಗಟ್ಟಲೆ ಯಾರೂ ಇಲ್ಲದೆ ನೆಲದ ಮೇಲಿರುವ ಕಲ್ಪನೆಯೇ ಹಲವರನ್ನು ಹೆಚ್ಚು ಹೆದರಿಸುತ್ತದೆ.

ಅವರಿಗೆ ತೊಂದರೆಯಾಗಬಾರದೆಂದು ಎಲ್ಲವನ್ನೂ ನಾವೇ ಮಾಡಿಕೊಡುತ್ತೇವೆ. ಇದರಲ್ಲಿ ತಪ್ಪೇನು?

ಪ್ರೀತಿಯಲ್ಲಿ ತಪ್ಪಿಲ್ಲ, ಪ್ರೀತಿಯನ್ನು ತೋರಿಸುವ ಈ ರೀತಿಯಲ್ಲಿ ಅಪಾಯವಿದೆ. ಮಾರ್ಗ್ರೆಟ್ ಬಾಲ್ಟೆಸ್ ಎಂಬ ಮನೋವಿಜ್ಞಾನಿ ಹಿರಿಯರ ಆರೈಕೆಯ ತಾಣಗಳಲ್ಲಿ ಕುಳಿತು, ಆರೈಕೆ ಮಾಡುವವರಿಗೂ ಹಿರಿಯರಿಗೂ ನಡುವೆ ನಡೆಯುವ ಸಣ್ಣಪುಟ್ಟ ವ್ಯವಹಾರಗಳನ್ನು ದಾಖಲಿಸಿದರು. ಹಿರಿಯರು ಸಹಾಯಕ್ಕಾಗಿ ಕಾದು ಕುಳಿತಾಗ ಕೂಡಲೇ ಗಮನ ಸಿಗುತ್ತಿತ್ತು. ತಾವೇ ಏನನ್ನಾದರೂ ಮಾಡಿಕೊಂಡಾಗ ಯಾರೂ ಮಾತಾಡಿಸುತ್ತಿರಲಿಲ್ಲ. ಅಂದರೆ ಅವಲಂಬನೆಗೆ ಬಹುಮಾನ, ಸ್ವಾವಲಂಬನೆಗೆ ಮೌನ. ಇಂಥ ಪಾಠವನ್ನು ಎಳೆಯರೂ ಕಲಿಯುತ್ತಾರೆ, ಹಿರಿಯರೂ ಕಲಿಯುತ್ತಾರೆ.

ನನ್ನ ತಾಯಿಯ ವಿಷಯದಲ್ಲಿ ಈ ತಪ್ಪನ್ನು ನಾನೂ ಮಾಡಿದ್ದೇನೆ. ಅವರ ಸ್ವೆಟರಿನ ಗುಂಡಿಗಳನ್ನು ಹಾಕಲು ಅವರಿಗೆ ಆರೇಳು ನಿಮಿಷ ಹಿಡಿಯುತ್ತಿತ್ತು. ಹೆಬ್ಬೆರಳು ಗುಂಡಿಯ ಅಂಚನ್ನು ಹುಡುಕುತ್ತಿತ್ತು, ಅದು ತೂತಿನ ಹತ್ತಿರ ಹೋಗಿ ಜಾರುತ್ತಿತ್ತು, ಅವರು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ನೋಡುತ್ತ ನಿಲ್ಲಲಾರದೆ ನಾನೇ ಬಗ್ಗಿ ಅರ್ಧ ನಿಮಿಷದಲ್ಲಿ ಹಾಕಿಬಿಡುತ್ತಿದ್ದೆ. ಒಂದೆರಡು ತಿಂಗಳಾದ ಮೇಲೆ ಅವರು ಪ್ರಯತ್ನಿಸುವುದನ್ನೇ ಬಿಟ್ಟು, ಬೆಳಿಗ್ಗೆ ಎದ್ದು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯತೊಡಗಿದರು. ಆ ಆರೇಳು ನಿಮಿಷ ಅವರ ದಿನದ ಮೊದಲ ಗೆಲುವಾಗಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಸ್ವಲ್ಪ ದೊಡ್ಡ ಗುಂಡಿಗಳಿರುವ ಸ್ವೆಟರು ತಂದು, ಮೇಲಿನ ಒಂದು ಗುಂಡಿಯನ್ನು ಮಾತ್ರ ನಾನು ಹಾಕಿ, ಉಳಿದವನ್ನು ಅವರಿಗೆ ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವುದನ್ನು ಕಲಿಯಲು ನನಗೇ ಹೆಚ್ಚು ಕಾಲ ಬೇಕಾಯಿತು.

ಕೆಲಸದಷ್ಟೇ ಮುಖ್ಯವಾದದ್ದು ತೀರ್ಮಾನ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಅಮೆರಿಕದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಮಹಡಿಯವರಿಗೆ ತಮ್ಮ ಕೋಣೆ ಹೇಗಿರಬೇಕು, ಸಮಯ ಹೇಗೆ ಕಳೆಯಬೇಕು ಎಂಬುದು ತಮ್ಮದೇ ಜವಾಬ್ದಾರಿ ಎಂದು ಹೇಳಿ, ಆರಿಸಿಕೊಂಡು ನೀರೆರೆದು ಬೆಳೆಸಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೆ ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆ ಎಂದರು. ಅವರಿಗೂ ಗಿಡ ಸಿಕ್ಕಿತು, ನೀರು ಹಾಕುವವರು ಮಾತ್ರ ದಾದಿಯರು. ಮೂರು ವಾರಗಳ ನಂತರ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದ, ಹೆಚ್ಚು ಚಟುವಟಿಕೆಯಿಂದ ಇರುವುದು ಕಂಡುಬಂತು. ಗಿಡ ಇಬ್ಬರಿಗೂ ಇತ್ತು, ವ್ಯತ್ಯಾಸ ಇದ್ದದ್ದು ಅದು ಯಾರ ಕೈಯಲ್ಲಿತ್ತು ಎಂಬುದರಲ್ಲಿ.

ಹಾಗಾದರೆ ಎಷ್ಟು ಸಹಾಯ ಮಾಡಬೇಕು?

ಕೆಲಸವನ್ನು ತುಂಡು ಮಾಡಿ ನೋಡಿ, ಆಗದ ತುಂಡಿಗೆ ಮಾತ್ರ ಕೈ ಹಾಕಿ. ಸ್ನಾನದಲ್ಲಿ ಬೆನ್ನು ಮತ್ತು ಪಾದ ಮಾತ್ರ ಕಷ್ಟವಾದರೆ ಅಷ್ಟನ್ನೇ ಮಾಡಿಕೊಡಿ. ಕೇಳದೆ ಮುಟ್ಟಬೇಡಿ, ಅವಸರಿಸಬೇಡಿ. ತೀರ ಸುಸ್ತಾದ ದಿನ, ಜ್ವರದ ದಿನ ಪೂರ್ತಿ ಸಹಾಯ ಮಾಡಿ, ಆದರೆ ಚೇತರಿಸಿಕೊಂಡ ಮರುದಿನ ಆ ಕೆಲಸವನ್ನು ಅವರಿಗೆ ಹಿಂತಿರುಗಿಸಲು ಮರೆಯಬೇಡಿ. ಹೀಗೆ ಹಿಂತಿರುಗಿಸದೆ ಉಳಿದ ಕೆಲಸಗಳಿಂದಲೇ ಹಿರಿಯರು ಮೂಲೆ ಹಿಡಿಯುತ್ತಾರೆ ಎಂದು ನಾನು ನಂಬಿದ್ದೇನೆ.

ಎಂಬತ್ತೈದರ ವಯಸ್ಸಿನಲ್ಲಿ ವ್ಯಾಯಾಮದಿಂದ ನಿಜವಾಗಿಯೂ ಪ್ರಯೋಜನವಿದೆಯೇ?

ಇದೆ. ಬೋಸ್ಟನ್‌ನಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 90. ಎಂಟು ವಾರ ಕಾಲಿನ ಸ್ನಾಯುಗಳಿಗೆ ಕ್ರಮವಾಗಿ ಭಾರ ಹೆಚ್ಚಿಸುತ್ತ ತರಬೇತಿ ಕೊಟ್ಟಾಗ ಅವರ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಹತ್ತೇ ಜನರ ಸಣ್ಣ ಅಧ್ಯಯನ ಅದು; ಆದರೆ ಅದೇ ತಂಡ 1994ರಲ್ಲಿ ನೂರು ಜನರೊಂದಿಗೆ ಮಾಡಿದ ದೊಡ್ಡ ಅಧ್ಯಯನದಲ್ಲಿಯೂ ಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು. ಮುಪ್ಪಿನ ಸ್ನಾಯು ನಿಧಾನವಾಗಿ ಕಲಿಯುತ್ತದೆ, ಆದರೆ ಕಲಿಯುತ್ತದೆ. ಮನೆಗಳಲ್ಲಿ ವಾಸಿಸುವ ಹಿರಿಯರು ವ್ಯಾಯಾಮ ಮಾಡಿದರೆ ಬೀಳುವ ಪ್ರಮಾಣ ಸುಮಾರು ಶೇ. 23ರಷ್ಟು ತಗ್ಗುತ್ತದೆ ಎಂದು 2019ರಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ವಿಮರ್ಶೆ ಹೇಳಿದೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ.

ಎಲ್ಲಿಂದ ಶುರುಮಾಡುವುದು ಎನ್ನುವವರಿಗೆ ಕುರ್ಚಿಯೇ ಸಾಕು. ಕೈಗಳಿರುವ, ಜರುಗದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಂಚಿಗೆ ಸರಿದು ಕುಳಿತು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಕುರ್ಚಿಯ ಕೈಗಳನ್ನು ಒತ್ತಿ ಏಳಬೇಕು. ನಿಂತು ಎರಡು ಉಸಿರು ತೆಗೆದುಕೊಂಡು, ಧೊಪ್ಪನೆ ಬೀಳದೆ ನಿಧಾನವಾಗಿ ಕೂರಬೇಕು. ಬಹಳ ಜನ ಏಳಲಾಗದಿರುವುದು ಬಲವಿಲ್ಲದ್ದಕ್ಕಲ್ಲ, ಬೀಳುವ ಭಯದಿಂದ ಹಿಂದಕ್ಕೆ ವಾಲುವುದಕ್ಕೆ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂರು ಸಲದಿಂದ ಆರಂಭಿಸಿ, ವಾರಕ್ಕೆ ಒಂದೊಂದರಂತೆ ಹೆಚ್ಚಿಸಿ, ಎಣಿಕೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಬರೆಸಿ. ಮೂರು ಇದ್ದದ್ದು ಎಂಟಾದದ್ದನ್ನು ತಮ್ಮದೇ ಅಕ್ಷರದಲ್ಲಿ ನೋಡುವುದು ಬಂಡೂರಾ ಹೇಳಿದ ಆ ಮೊದಲ ಮೂಲ. ಎದೆನೋವು, ವಿಪರೀತ ಉಸಿರುಗಟ್ಟುವಿಕೆ, ಇತ್ತೀಚಿನ ಮೂಳೆಮುರಿತ ಇದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಊಟದ ವಿಷಯದಲ್ಲಿ ಏನು ಗಮನಿಸಬೇಕು?

ಮುಖ್ಯವಾಗಿ ಪ್ರೋಟೀನು. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1 ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. 50 ಕಿಲೋ ತೂಕದವರಿಗೆ 50 ರಿಂದ 60 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ಈ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು. ಹಲ್ಲುಸೆಟ್ಟು ಸಡಿಲವಾಗಿರುವುದು, ಬಾಯಿ ಒಣಗುವುದು, ಒಬ್ಬರೇ ಕುಳಿತು ಉಣ್ಣುವ ಬೇಸರ ಇವು ಹಸಿವನ್ನು ಕೊಲ್ಲುತ್ತವೆ, ಆದ್ದರಿಂದ ತಟ್ಟೆಯಲ್ಲಿ ಏನಿದೆ ಎಂಬುದರ ಜೊತೆಗೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಿ.

ಆಸ್ಪತ್ರೆಗೆ ನಡೆದುಕೊಂಡು ಹೋದವರು ಗಾಲಿಕುರ್ಚಿಯಲ್ಲಿ ವಾಪಸು ಬಂದರು. ಕಾಯಿಲೆ ವಾಸಿಯಾಗಿದೆ ಎನ್ನುತ್ತಾರೆ. ಇದು ಹೇಗೆ?

ಕಾಯಿಲೆ ವಾಸಿಯಾಗಿರಬಹುದು, ಹಾಸಿಗೆ ಮಾಡಿದ ಹಾನಿ ಉಳಿದಿದೆ. ಆರೋಗ್ಯವಂತರಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ 2007ರ ಅಧ್ಯಯನವೊಂದರಲ್ಲಿ, ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಕೊಬ್ಬಲ್ಲದ ಭಾಗ, ಬಹುಪಾಲು ಸ್ನಾಯು, ಕರಗಿಹೋಯಿತು. ಕಾಯಿಲೆ ಇಲ್ಲದವರ ಗತಿಯೇ ಹೀಗಾದರೆ ಕಾಯಿಲೆಯವರ ಪಾಡನ್ನು ಊಹಿಸಬಹುದು. ಆದ್ದರಿಂದ ಆಸ್ಪತ್ರೆಯಲ್ಲಿದ್ದಾಗಲೇ, ವೈದ್ಯರು ಬೇಡವೆನ್ನದಿದ್ದರೆ, ಊಟಕ್ಕೆ ಹಾಸಿಗೆಯಿಂದಿಳಿದು ಕುರ್ಚಿಯಲ್ಲಿ ಕೂರುವುದು, ಹಗಲಿನಲ್ಲಿ ತಮ್ಮದೇ ಬಟ್ಟೆ ತೊಡುವುದು, ಶೌಚಕ್ಕೆ ನಡೆದೇ ಹೋಗುವುದು ಆಗಬೇಕು. ಕನ್ನಡಕ ಮತ್ತು ಶ್ರವಣಯಂತ್ರಗಳನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಕಾಣದೆ, ಕೇಳದೆ ಮಲಗಿರುವವರಿಗೆ ಗೊಂದಲ ಆವರಿಸುವುದು ಬಹಳ ಸುಲಭ. ಮನೆಗೆ ಬಂದ ಮೊದಲ ಕೆಲವು ವಾರಗಳು ಅಮೂಲ್ಯ. ‘ಪೂರ್ತಿ ವಿಶ್ರಾಂತಿ’ ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ, ಎಷ್ಟು ದಿನ ಮತ್ತು ಯಾವ ಕಾರಣಕ್ಕೆ ಎಂದು ಸ್ಪಷ್ಟವಾಗಿ ಕೇಳಿ.

ಮನಸ್ಸು ಮಂಕಾಗಿರುವುದು ವಯಸ್ಸಿನ ಸಹಜ ಸ್ವಭಾವವೇ, ಖಿನ್ನತೆಯೇ?

ಖಿನ್ನತೆ ಯಾವ ವಯಸ್ಸಿಗೂ ಸಹಜವಲ್ಲ. ಸುಸ್ತು, ತೂಕ ಇಳಿಯುವುದು, ನಿಧಾನವಾಗುವುದು ಇವು ದೌರ್ಬಲ್ಯ ಮತ್ತು ಖಿನ್ನತೆ ಎರಡರಲ್ಲೂ ಇರುವುದರಿಂದ ಒಂದರ ಮರೆಯಲ್ಲಿ ಇನ್ನೊಂದು ಅಡಗಿಕೊಳ್ಳುತ್ತದೆ. ಹಿರಿಯರು ‘ದುಃಖವಾಗಿದೆ’ ಎಂದು ಹೇಳುವುದು ಅಪರೂಪ. ‘ಯಾವುದೂ ರುಚಿಸುತ್ತಿಲ್ಲ’, ‘ಮೈಯೆಲ್ಲ ನೋವು’, ‘ನಾನಿದ್ದು ಯಾರಿಗೇನು’ ಎಂದು ಹೇಳುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು. ಹಿರಿಯರಿಗೆಂದೇ ರೂಪಿಸಿದ, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕಾದ ಹದಿನೈದು ಪ್ರಶ್ನೆಗಳ ಪಟ್ಟಿ ಇದೆ. ಮೊದಲ ತಪಾಸಣೆಗೆ ಅದು ಸಾಕಾಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ಮತ್ತು ಈ ವಯಸ್ಸಿನಲ್ಲೂ ಅದು ಫಲ ಕೊಡುತ್ತದೆ. ಸಾಯುವ ಮಾತನ್ನು ಆಡಿದರೆ ‘ಹಾಗೆಲ್ಲ ಅನ್ನಬೇಡಿ’ ಎಂದು ಬಾಯಿ ಮುಚ್ಚಿಸದೆ, ಕುಳಿತು ಪೂರ್ತಿ ಕೇಳಿಸಿಕೊಂಡು, ಅದೇ ದಿನ ವೈದ್ಯರನ್ನು ಸಂಪರ್ಕಿಸಿ.

ಕೋಲು ಅಥವಾ ವಾಕರ್ ಹಿಡಿಯಲು ಒಪ್ಪುವುದೇ ಇಲ್ಲ.

ಅವರಿಗೆ ಅದು ಸೋಲಿನ ಗುರುತಾಗಿ ಕಾಣುತ್ತದೆ. ‘ಹಿಡಿಯಲೇಬೇಕು’ ಎನ್ನುವುದಕ್ಕಿಂತ, ಕೋಲಿದ್ದರೆ ಮತ್ತೆ ಎಲ್ಲಿಗೆ ಹೋಗಬಹುದು ಎಂಬುದರಿಂದ ಮಾತು ಶುರುಮಾಡಿ. ಆರಿಸುವಾಗ ಅವರನ್ನೇ ಕರೆದೊಯ್ಯಿರಿ. ಅಳತೆ ಸರಿಯಿಲ್ಲದ ಕೋಲು ಇಲ್ಲದಿರುವುದಕ್ಕಿಂತ ಅಪಾಯಕಾರಿ: ಚಪ್ಪಲಿ ತೊಟ್ಟು ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ಇದನ್ನು ಹೆಚ್ಚಿನವರು ತಿರುಗುಮುರುಗಾಗಿ ಮಾಡುತ್ತಾರೆ. ತುದಿಯ ರಬ್ಬರು ಸವೆದಿದ್ದರೆ ಬದಲಿಸಿ.

ಎಲ್ಲಿಗೂ ಬರಲು ಒಲ್ಲೆ ಎನ್ನುತ್ತಾರೆ. ಕಾರಣ ಕೇಳಿದರೆ ಹೇಳುವುದಿಲ್ಲ.

ಹೇಳಲಾಗದ ಕಾರಣ ಇರಬಹುದು. ಮೂತ್ರ ತಡೆದುಕೊಳ್ಳಲಾಗದ ತೊಂದರೆಯನ್ನು ನಾಚಿಕೆಯಿಂದ ವರ್ಷಗಟ್ಟಲೆ ಬಚ್ಚಿಟ್ಟುಕೊಂಡವರಿದ್ದಾರೆ. ಹೊರಗೆ ಹೋಗುವುದಿದ್ದರೆ ಬೆಳಗಿನಿಂದ ನೀರು ಕುಡಿಯದೆ ಇದ್ದು, ಅದರಿಂದಲೇ ತಲೆ ತಿರುಗಿ ಬೀಳುವವರಿದ್ದಾರೆ. ಒಬ್ಬರೇ ಇರುವಾಗ, ಸಾಮಾನ್ಯ ವಿಷಯವೆಂಬಂತೆ, ‘ಅನೇಕರಿಗೆ ಹೀಗಾಗುತ್ತದೆ, ಔಷಧಿ, ವ್ಯಾಯಾಮ ಎರಡೂ ಇವೆ’ ಎಂದು ಪ್ರಸ್ತಾಪಿಸಿ ನೋಡಿ. ಕಿವಿ ಕೇಳದಿರುವುದು ಇನ್ನೊಂದು ಕಾರಣ. ನಾಲ್ಕು ಜನರ ನಡುವೆ ಕುಳಿತು, ಎಲ್ಲರೂ ನಕ್ಕಾಗ ಏಕೆಂದು ತಿಳಿಯದೆ ತಾವೂ ನಗುವುದು ಎಷ್ಟು ಆಯಾಸದ ಕೆಲಸವೆಂದು ಕೇಳಿಸುವವರಿಗೆ ಗೊತ್ತಾಗುವುದಿಲ್ಲ. ಅಂಥವರನ್ನು ಗುಂಪಿಗೆ ಎಳೆಯುವ ಬದಲು, ಒಬ್ಬ ಹಳೆಯ ಗೆಳೆಯರನ್ನು ಮನೆಗೆ ಕರೆಸಿ, ಟಿವಿ ಆರಿಸಿ, ಬೆಳಕಿರುವ ಕಡೆ ಎದುರುಬದುರು ಕೂರಿಸಿ.

ಅವರ ಎದುರು ‘ದುರ್ಬಲ’ ಎಂಬ ಪದವನ್ನು ಬಳಸಬಹುದೇ?

ವೈದ್ಯರ ಕಡತದಲ್ಲಿ ಆ ಪದಕ್ಕೆ ಕೆಲಸವಿದೆ. ಮನೆಯ ಮಾತಿನಲ್ಲಿ ಬೇಡ. ಬಹಳಷ್ಟು ಹಿರಿಯರು ತಮ್ಮನ್ನು ಹಾಗೆ ಕಂಡುಕೊಳ್ಳುವುದಿಲ್ಲ, ಕಂಡುಕೊಂಡರೆ ಅದು ಅವರ ಪ್ರಯತ್ನವನ್ನೇ ನಿಲ್ಲಿಸಬಹುದು. ಬೆಕಾ ಲೆವಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡಿದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂದಿತ್ತು. ‘ಕಾಲಿನ ಬಲ ಸ್ವಲ್ಪ ಕಡಿಮೆಯಾಗಿದೆ, ಹೆಚ್ಚಿಸಿಕೊಳ್ಳೋಣ’ ಎಂಬ ಮಾತಿನಲ್ಲಿ ಸತ್ಯವೂ ಇದೆ, ದಾರಿಯೂ ಇದೆ. ಮಗುವಿನೊಡನೆ ಆಡುವಂತೆ ರಾಗ ಎಳೆದು ಮಾತಾಡುವುದು, ಅವರು ಎದುರಿಗಿರುವಾಗಲೇ ಅವರ ಬಗ್ಗೆ ಬೇರೆಯವರೊಡನೆ ‘ಇವರಿಗೆ ಏನೂ ಆಗಲ್ಲ’ ಎನ್ನುವುದು, ವೈದ್ಯರು ಅವರನ್ನು ಕೇಳಿದ ಪ್ರಶ್ನೆಗೆ ನಾವು ಉತ್ತರಿಸುವುದು ಇವೆಲ್ಲ ಆ ಪದಕ್ಕಿಂತ ಹೆಚ್ಚು ನೋಯಿಸುತ್ತವೆ.

ಸುಧಾರಿಸುವ ಸಾಧ್ಯತೆ ಕಡಿಮೆ ಎಂದು ವೈದ್ಯರು ಹೇಳಿದ್ದಾರೆ. ಆಗಲೂ ನೆಮ್ಮದಿ ಸಾಧ್ಯವೇ?

ಸಾಧ್ಯ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಎಂಬತ್ತರ ವಯಸ್ಸಿನಲ್ಲೂ ಚೆನ್ನಾಗಿ ನುಡಿಸುವ ಬಗೆಯನ್ನು ವಿವರಿಸಿದ್ದನ್ನು ಪಾಲ್ ಬಾಲ್ಟೆಸ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ ತಮ್ಮ ಸಿದ್ಧಾಂತಕ್ಕೆ ಉದಾಹರಣೆಯಾಗಿ ಬಳಸಿದರು: ಅವರು ಕಡಿಮೆ ಕೃತಿಗಳನ್ನು ಆರಿಸಿಕೊಂಡರು, ಅವನ್ನೇ ಹೆಚ್ಚು ಅಭ್ಯಾಸ ಮಾಡಿದರು, ವೇಗದ ಭಾಗ ಬರುವ ಮುನ್ನ ಬೇಕೆಂದೇ ನಿಧಾನಿಸಿ ಆ ಭಾಗ ವೇಗವಾಗಿ ಕೇಳುವಂತೆ ಮಾಡಿದರು. ದುರ್ಬಲರಾದವರ ಬದುಕಿಗೂ ಇದು ಹೊಂದುತ್ತದೆ. ತೋಟವಿಡೀ ನೋಡಿಕೊಳ್ಳಲಾಗದವರು ಕಿಟಕಿಯ ಬಳಿ ಕುಂಡ ಇಟ್ಟುಕೊಳ್ಳಬಹುದು, ಓದಲಾಗದವರು ಓದಿಸಿ ಕೇಳಬಹುದು, ಅಡುಗೆ ಮಾಡಲಾಗದವರು ಕುಳಿತಲ್ಲಿಂದಲೇ ಉಪ್ಪು ಹುಳಿಯ ಹದ ಹೇಳಿಕೊಡಬಹುದು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅವರದೇ ಆಗಿರಬೇಕು. ನಾನು ಕಂಡಂತೆ, ಹಾಸಿಗೆ ಹಿಡಿದವರಲ್ಲಿಯೂ ದಿನದಲ್ಲಿ ಒಂದು ಹೊತ್ತಾದರೂ ಯಾರಿಗಾದರೂ ತಾವು ಬೇಕಾಗಿದ್ದೇವೆ ಎಂದು ಅನಿಸಿದವರ ಮುಖವೇ ಬೇರೆ ಇರುತ್ತದೆ.

ನೋಡಿಕೊಂಡು ನಾನೇ ಸೋತುಹೋಗಿದ್ದೇನೆ. ಹೀಗೆ ಹೇಳಿಕೊಳ್ಳುವುದು ತಪ್ಪೇ?

ಖಂಡಿತ ತಪ್ಪಲ್ಲ. ನಿದ್ದೆಗೆಟ್ಟವರ ಕೈಯಲ್ಲಿ ತಾಳ್ಮೆ ಇರುವುದಿಲ್ಲ, ತಾಳ್ಮೆ ಇಲ್ಲದ ಕೈ ಗುಂಡಿಯನ್ನು ತಾನೇ ಹಾಕಿಬಿಡುತ್ತದೆ. ವಾರದಲ್ಲಿ ಅರ್ಧ ದಿನವಾದರೂ ಬೇರೊಬ್ಬರಿಗೆ ಹೊಣೆ ವಹಿಸಿ ಹೊರಗೆ ಹೋಗಿ ಬನ್ನಿ. ಮೇಲೆತ್ತುವ, ಹೊರಳಿಸುವ ಸರಿಯಾದ ಕ್ರಮವನ್ನು ತಿಳಿದವರಿಂದ ಕಲಿಯಿರಿ, ಇಲ್ಲದಿದ್ದರೆ ನಿಮ್ಮ ಸೊಂಟವೂ ಹೋಗುತ್ತದೆ. ಹಿರಿಯರಿಗೂ ಇದನ್ನು ಮುಚ್ಚಿಡಬೇಕಾಗಿಲ್ಲ. ‘ನನಗೂ ಇವತ್ತು ಸುಸ್ತಾಗಿದೆ’ ಎಂದಾಗ ಅವರು ನಿಮ್ಮನ್ನು ಸಂತೈಸುತ್ತಾರೆ, ಮತ್ತು ಸಂತೈಸುವುದು ಅವರ ಕೈಲಾಗುವ ಕೆಲಸ.

ಯಾವ ಸಂದರ್ಭದಲ್ಲಿ ತಡಮಾಡದೆ ವೈದ್ಯರ ಬಳಿ ಹೋಗಬೇಕು?

ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಅಥವಾ ವಿಪರೀತ ನಿದ್ದೆಗೆ ಜಾರಿದರೆ, ಅದನ್ನು ಅರಳುಮರಳು ಎಂದು ಬಿಡಬಾರದು. ಸೋಂಕು, ನೀರಿನ ಕೊರತೆ, ಮಾತ್ರೆಯ ಅಡ್ಡಪರಿಣಾಮ ಇದರ ಹಿಂದೆ ಇರುತ್ತವೆ. ಒಂದೆರಡು ದಿನದಲ್ಲಿ ನಡಿಗೆ ನಿಂತುಹೋದರೆ, ಬಿದ್ದು ತಲೆಗೆ ಪೆಟ್ಟಾದರೆ (ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ನೋವಿಲ್ಲದಿದ್ದರೂ), ಮುಖ ಸೊಟ್ಟಗಾಗಿ ಮಾತು ತೊದಲಿದರೆ, ಬಿದ್ದ ನಂತರ ಕಾಲೂರಲು ಆಗದಿದ್ದರೆ ಕೂಡಲೇ ಹೋಗಬೇಕು. ಹೋಗುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ತಾವಾಗಿಯೇ ಕೊಂಡು ತಂದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರ ಎದುರು ಕುಳಿತ ಮೇಲೆ, ಏನಾಯಿತು ಎಂಬುದನ್ನು ಹೇಳಬಲ್ಲ ಸ್ಥಿತಿಯಲ್ಲಿದ್ದರೆ, ಮೊದಲು ಅವರೇ ಹೇಳಲಿ.